ಜೂನ್ ಒಂದರ ಮಾಸ್ತರರು

ಜೂನ್ 1 ಬಂತೆಂದರೆ ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆ ಆರಕ್ಕೇ ಕೇಕುಗಳ ಸಾಲು ಹತ್ತುತ್ತದೆ. ಪುಣೆಯಲ್ಲಿ ಲೇತ್ ನಡೆಸುವವನು, ಇಚಲಕರಂಜಿಯ ಮಗ್ಗದ ಕಾರಖಾನೆಯಲ್ಲಿ ಲೆಕ್ಕ ಬರೆಯುವವನು, ಬೆಂಗಳೂರಿನಲ್ಲಿ ಬಸ್ಸು ಹೊಡೆಯುವವನು, ಊರಲ್ಲೇ ಉಳಿದು ಕಬ್ಬು ಅರಿಸಿನ ಬೆಳೆಯುವವನು, ಎಲ್ಲರಿಗೂ ಅಂದೇ ಹುಟ್ಟುಹಬ್ಬ. ಯಾರು ಯಾರಿಗೆ ಶುಭಾಶಯ ಹೇಳಬೇಕೆಂದು ತಿಳಿಯದೆ ಕೊನೆಗೆ ಒಬ್ಬ, ‘ಎಲ್ಲಾರೂ ಎಲ್ಲಾರಿಗೂ ಹೇಳೇವಿ ಅಂತ ತಿಳಕೋರಿ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾನೆ. ಐವತ್ತು ದಾಟಿದವರಲ್ಲಿ ಬೇರೆ ತಾರೀಖಿನವರನ್ನು ದೀಪ ಹಚ್ಚಿ ಹುಡುಕಬೇಕು. ನಾನೂ ಜೂನ್ 1ರವನೇ.

ಇಷ್ಟು ಹುಟ್ಟುಹಬ್ಬಗಳನ್ನು ಹಂಚಿದ ಕೈ ಒಂದೇ. ಆ ಕೈ ನಿಂತ ಸುದ್ದಿಯೂ ಅದೇ ಗುಂಪಿಗೆ ಬಂತು: ‘ನಮ್ಮ ಹೆಡ್‌ಮಾಸ್ತರು ಹೋದ್ರು. ಸಂಜಿ ನಾಕಕ್ಕ ಮಣ್ಣು.’ ಅದರ ಕೆಳಗೆ ಕೈ ಮುಗಿದ ಚಿತ್ರಗಳು ಬೀಳತೊಡಗಿದವು. ಮೂರು ವರ್ಷದಿಂದ ಗುಂಪಿನಲ್ಲಿ ಒಂದಕ್ಷರ ಬರೆಯದವರೂ ಅಂದು ಬರೆದರು.

ನಮ್ಮದು ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕು, ಅಲಖನೂರ ಸೀಮೆಯ ಒಂದು ಹಳ್ಳಿ. ಊರಿನ ಹೆಸರನ್ನಾಗಲಿ ಮಾಸ್ತರರ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಕಡೆಯ ಯಾವ ಊರಿನವರು ಓದಿದರೂ ಆ ಜಾಗದಲ್ಲಿ ತಮ್ಮೂರಿನವರೊಬ್ಬರನ್ನು ಕೂಡ್ರಿಸಿಕೊಳ್ಳಲಿ ಎಂಬ ಆಸೆ. ಚಾವಡಿ, ಹನಮಪ್ಪನ ಗುಡಿ, ಸೊಸಾಯಿಟಿ ಇದ್ದ ಹಾಗೆ ಇಲ್ಲಿಯ ಹಳ್ಳಿಗಳಲ್ಲಿ ಹೆಡ್‌ಮಾಸ್ತರ ಎಂಬುದೂ ಒಂದು ಸಂಸ್ಥೆ. ಆ ಸಂಸ್ಥೆ ಹೇಗೆ ನಡೆಯುತ್ತಿತ್ತು, ಅದರ ಲೆಕ್ಕಪತ್ರ ಹೇಗಿತ್ತು ಎಂಬುದನ್ನು ನೋಡಿದವರು ಈಗ ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದಾರೆ.

ಕಿವಿ ಹಿಡಿ, ಸಾಲಿಗೆ ಬಾ

ನಮ್ಮಲ್ಲಿ ಪ್ರಾಥಮಿಕ ಶಾಲೆಗೆ ‘ಕನ್ನಡ ಸಾಲಿ’ ಎನ್ನುತ್ತಾರೆ. ಹಾಜರಿಗೆ ಹಜೇರಿ, ರಜೆಗೆ ಸೂಟಿ, ತರಗತಿಗೆ ಇಯತ್ತೆ. ಮರಾಠಿಯ ಮಗ್ಗುಲಲ್ಲಿ ಮಲಗಿ ಬೆಳೆದ ಕನ್ನಡ ಇದು. ಸಾಲಿಯ ಕಟ್ಟೆಯ ಮೇಲೆ ತೊಲೆಗೆ ರೈಲು ಹಳಿಯ ತುಂಡೊಂದನ್ನು ತೂಗಹಾಕಿದ್ದರು. ಅದೇ ಗಂಟೆ. ಕುಡಚಿ, ಚಿಂಚಲಿ, ರಾಯಬಾಗದ ಮೇಲೆ ಹಾಯುವ ಮೀರಜ–ಬೆಳಗಾವಿ ರೈಲು ಹಾದಿಯಿಂದ ಅದು ಎಂದು ಬಂತು, ಯಾರು ತಂದರು ಎಂದು ಯಾರೂ ಕೇಳಿದವರಿಲ್ಲ.

ಜೂನ್ ಮೊದಲ ವಾರ ಅದರ ಕೆಳಗೆ ದಾಖಲಾತಿ. ಅವ್ವನ ಸೀರೆಯ ಸೆರಗು ಬಿಡದ ಹುಡುಗನನ್ನು ಮಾಸ್ತರರು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದರು. ‘ಬಲಗೈ ತಲೀ ಮ್ಯಾಲಿಂದ ಹಾಕಿ ಎಡಗಿವಿ ಹಿಡಿ ನೋಡೂಣು.’ ಬೆರಳು ಕಿವಿಗೆ ಮುಟ್ಟಿತೋ ಸಾಲಿಗೆ ಬರುವ ವಯಸ್ಸಾಯಿತು. ಮುಟ್ಟದಿದ್ದರೆ ಒಂದು ಪೆಪ್ಪರಮೆಂಟು ಕೊಟ್ಟು, ‘ಮುಂದಿನ ವರ್ಷ ಬಾ’. ಮೈಗೆ ಹೋಲಿಸಿದರೆ ಮಗುವಿನ ತಲೆ ಸಣ್ಣದಾಗುತ್ತ ಕೈ ಉದ್ದವಾಗುತ್ತ ಹೋಗುವ ಲೆಕ್ಕ ಅದು. ಡಾಕ್ಟರರ ಸರ್ಟಿಫಿಕೇಟಿಲ್ಲದ ಊರಿಗೆ ಅದಕ್ಕಿಂತ ಅಗ್ಗದ ಅಳತೆಗೋಲು ಬೇರೆ ಇರಲಿಲ್ಲ.

ಕಿವಿ ಸಿಕ್ಕ ಮೇಲೆ ಪ್ರಶ್ನೆ.

‘ಯಾವಾಗ ಹುಟ್ಯಾನಬೇ ಇಂವಾ?’

‘ಬರಗಾಲ ಬಿದ್ದಿತ್ತಲ್ರಿ ಸರ, ಅದರ ಮುಂದ್ರಿ.’

‘ಮುಂದ ಅಂದ್ರ?’

‘ಮಾಯಕ್ಕನ ಜಾತ್ರಿ ಆಗಿತ್ತ್ರಿ. ಜ್ವಾಳಾ ಇನ್ನಾ ಹೊಲದಾಗ ಇತ್ತ್ರಿ.’

ಚಿಂಚಲಿ ಮಾಯಕ್ಕನ ಜಾತ್ರೆ ಭಾರತ ಹುಣ್ಣಿಮೆಗೆ. ದೊಡ್ಡ ಬರ 1972ರದು. ಮಾಸ್ತರರು ಮನಸ್ಸಿನಲ್ಲೇ ಕೂಡಿಸಿ ಕಳೆದು, ಕೊನೆಗೆ ಈ ಯಾವುದನ್ನೂ ಬರೆಯದೆ ದಪ್ಪ ರಜಿಸ್ಟರಿನಲ್ಲಿ 1-6 ಎಂದು ಹಾಕಿ, ಮುಂದೆ ಇಸವಿ ಬರೆಯುತ್ತಿದ್ದರು. ಸಾಲಿ ಆರಂಭವಾಗುವುದು ಜೂನಿನಲ್ಲಿ. ಆ ದಿನಕ್ಕೆ ಹುಡುಗನ ವಯಸ್ಸು ಸರಿಯಾಗಿ ತುಂಬಿರುವಂತೆ ಬರೆದರೆ ಯಾವ ಇನ್‌ಸ್ಪೆಕ್ಟರನೂ ತಕರಾರು ತೆಗೆಯುವಂತಿಲ್ಲ. ಪಕ್ಕದ ಅಂಕಣದಲ್ಲಿ ಅದನ್ನೇ ಅಕ್ಷರದಲ್ಲಿ ಬರೆಯಬೇಕು: ‘ಒಂದನೇ ಜೂನ್ ಸಾವಿರದ ಒಂಬೈನೂರ ಎಪ್ಪತ್ತೆರಡು’. ಟಾಕಿನ ಪೆನ್ನು, ನೀಲಿ ಶಾಯಿ, ಅಕ್ಷರದ ಮೇಲೆ ಅಕ್ಷರ ಬೀಳದ ಹಾಗೆ ಸಾಲು. ಅವರು ಬರೆಯುವಾಗ ಅವ್ವಂದಿರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ತಾವು ಹೆತ್ತ ದಿನವನ್ನು ಬೇರೊಬ್ಬರು ನಿಶ್ಚಯಿಸುವುದನ್ನು ನೋಡುವ ಗಳಿಗೆ ಅದು.

ಮನೆತನದ ಹೆಸರಿಗೂ ಹಾಗೆಯೇ. ಊರಲ್ಲಿ ‘ಮ್ಯಾಲಿನ ಮನಿ’ ಎಂದಷ್ಟೇ ಕರೆಸಿಕೊಳ್ಳುತ್ತಿದ್ದವರಿಗೆ ರಜಿಸ್ಟರಿನಲ್ಲಿ ಒಂದು ಅಡ್ಡಹೆಸರು ಬೇಕು. ಕಸುಬು ನೋಡಿ ಬಡಿಗೇರ, ಬಂದ ಊರು ನೋಡಿ ಹಾರೂಗೇರಿ ಎಂದು ಹಚ್ಚುತ್ತಿದ್ದರು. ಕುದುರೆಯ ಮೇಲೆ ಊರೂರು ತಿರುಗಿ ಈ ಭಾಗದಲ್ಲಿ ಕನ್ನಡ ಶಾಲೆಗಳಿಗೆ ನೆಲೆ ಕೊಟ್ಟ ಚನ್ನಬಸಪ್ಪನವರಿಗೆ ಡೆಪ್ಯುಟಿ ಎಂಬ ಹುದ್ದೆಯೇ ಹೆಸರಿನ ಮುಂದೆ ಅಂಟಿತಲ್ಲ, ಹಾಗೆ ನಮ್ಮ ಮಾಸ್ತರರ ಮೊಮ್ಮಕ್ಕಳನ್ನು ಊರು ಈಗಲೂ ಕರೆಯುವುದು ‘ಮಾಸ್ತರ ಮನ್ಯಾವ್ರು’ ಎಂದೇ.

ನೋಡುವವರಿಗೆ ಈ ಜೂನ್ 1 ಸಣ್ಣ ಸುಳ್ಳು. ಆದರೆ ಆ ನೀಲಿ ಸಾಲಿನ ಮೇಲೆ ಮುಂದೆ ಎಷ್ಟು ಭಾರ ಬಿತ್ತು ನೋಡಿ. ಜಾತಿ ಪ್ರಮಾಣಪತ್ರ, ಮಿಲಿಟರಿ ಭರ್ತಿ, ಕಾರಖಾನೆಯ ನೌಕರಿ, ಪಾಸ್‌ಪೋರ್ಟು, ವೃದ್ಧಾಪ್ಯ ವೇತನ, ಎಲ್ಲಕ್ಕೂ ಮೊದಲು ಕೇಳುತ್ತಿದ್ದದ್ದು ಸಾಲಿ ಬಿಟ್ಟ ದಾಖಲೆಯನ್ನು, ನಾವು ಎಲ್.ಸಿ. ಎನ್ನುವುದನ್ನು. ಕಟಕಟೆಯಲ್ಲಿ ನಿಂತ ಹುಡುಗ ಬಾಲಕನೋ ವಯಸ್ಕನೋ ಎಂಬ ಅನುಮಾನ ಬಂದರೆ 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮು ಮೊದಲು ನೋಡಲು ಹೇಳುವುದು ಶಾಲೆ ಕೊಟ್ಟ ಹುಟ್ಟಿದ ತಾರೀಖನ್ನು ಅಥವಾ ಮೆಟ್ರಿಕ್ ಪ್ರಮಾಣಪತ್ರವನ್ನು. ಪಂಚಾಯಿತಿಯ ಜನನ ಪತ್ರದ ಸರದಿ ಆಮೇಲೆ. ಜನನ ನೋಂದಣಿಯ ಕಾಯ್ದೆ 1969ರಲ್ಲೇ ಬಂದಿತ್ತು. ಆದರೆ ಸೂಲಗಿತ್ತಿ ಹೊಕ್ಕುಳಬಳ್ಳಿ ಕೊಯ್ದ ಕೋಣೆಯಿಂದ ಚಾವಡಿಗೆ ಹೋಗಿ ಹೆಸರು ಬರೆಸುವ ರೂಢಿ ನಮ್ಮ ಕಡೆ ಬಹಳ ದಿನ ಬೀಳಲಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವಿಗೆ ಶಾಲೆಯ ಬಾಗಿಲು ಮುಚ್ಚಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಹಳಿ ತುಂಡಿನ ಕೆಳಗೆ ಆ ರೂಢಿ ಕಾಯ್ದೆಗೂ ಮೊದಲಿನಿಂದ ನಡೆದಿತ್ತು.

ನಾಲ್ಕು ಸರಕಾರ, ಒಂದು ಸಾಲಿ

ಹೆಡ್‌ಮಾಸ್ತರ ಎಂಬ ಈ ಸಂಸ್ಥೆಗೆ ಬುನಾದಿ ಹಾಕಿದ್ದು ಯಾರು? ಸ್ವಾತಂತ್ರ್ಯಕ್ಕೆ ಮುಂಚೆ ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ತೇರದಾಳ ಸಾಂಗಲಿಯವರದು, ಅಥಣಿ ಚಿಕ್ಕೋಡಿ ಇಂಗ್ಲಿಷರವು. ಒಂದೇ ದಿನ ನಡೆದು ಮೂರು ದೊರೆಗಳ ಸೀಮೆ ದಾಟಬಹುದಿತ್ತು. ಕೊಲ್ಲಾಪುರದ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು. ಮಗುವನ್ನು ಸಾಲಿಗೆ ಕಳಿಸದ ತಂದೆಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಕೂಲಿ ಆಣೆಯಲ್ಲಿ ಸಿಗುತ್ತಿದ್ದ ಕಾಲದಲ್ಲಿ ರೂಪಾಯಿ ದಂಡವೆಂದರೆ ಎದೆ ಝಲ್ಲೆನ್ನಬೇಕು. ಮಹಾರಾಜರ ಆಜ್ಞೆ ಹಳ್ಳಿಗೆ ಬಂದು ಕೈಕಾಲು ಪಡೆದದ್ದು ಮಾಸ್ತರನ ರೂಪದಲ್ಲಿ. ಮನೆ ಮನೆ ಎಣಿಸಿ ಮಕ್ಕಳ ಪಟ್ಟಿ ಬರೆಯುವವನು ಅವನೇ.

ಸಂಸ್ಥಾನದ ಆಚೆ ಬೆಳಗಾವಿಯಲ್ಲಿ ಒಂದು ವರ್ಷ ಮೊದಲೇ ಇನ್ನೊಂದು ಕೆಲಸ ನಡೆದಿತ್ತು. 1916ರ ನವೆಂಬರ್ 13ರಂದು ಏಳು ಮಂದಿ ಸೇರಿ ಒಂದು ಆಂಗ್ಲೋ–ವರ್ನಾಕ್ಯುಲರ್ ಶಾಲೆ ತೆರೆದರು. ಅದೇ ಇಂದಿನ ಕೆಎಲ್‌ಇ ಸಂಸ್ಥೆಯ ಬೀಜ. ಸಪ್ತರ್ಷಿಗಳೆಂದು ನಾವು ಕರೆಯುವ ಆ ಏಳು ಮಂದಿಯಲ್ಲಿ ಒಬ್ಬರಾದ ಶಿ.ಶಿ. ಬಸವನಾಳರು 1944ರಲ್ಲಿ ನಮಗೆ ಹತ್ತಿರದ ರಬಕವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಕೂತರು. ಪಾಠ ಹೇಳುವವರು ಸಭೆಯ ಮುಂದಿನ ಕುರ್ಚಿಯಲ್ಲಿ ಕೂಡ್ರುವುದನ್ನು ಈ ಸೀಮೆ ಕಂಡದ್ದು ಹಾಗೆ.

ಅದೇ 1944ರಲ್ಲಿ ನಮ್ಮ ಮಾಸ್ತರರು ಊರ ಸಾಲಿಯ ಒಂದನೇ ಇಯತ್ತೆಗೆ ಬಂದಿದ್ದು. ಅವರ ಬಾಳಿನ ಲೆಕ್ಕ ತೆಗೆದರೆ ತಮಾಷೆಯಾಗಿದೆ: ಅಂಕಲಿಪಿ ಕಲಿತದ್ದು ಕೊಲ್ಲಾಪುರ ಮಹಾರಾಜರ ರಾಜ್ಯದಲ್ಲಿ, ಮುಲ್ಕಿ ಪಾಸಾದದ್ದು ಮುಂಬಯಿ ಸರಕಾರದಲ್ಲಿ, ನೌಕರಿ ಹಿಡಿದದ್ದು ಮೈಸೂರು ರಾಜ್ಯದಲ್ಲಿ, ನಿವೃತ್ತರಾದದ್ದು ಕರ್ನಾಟಕದಲ್ಲಿ. 1949, 1956, 1973, ಮೂರು ಸಲ ಸರಕಾರದ ಶಿಕ್ಕೆ ಬದಲಾದರೂ ಅವರು ಊರು ಬಿಟ್ಟು ಕದಲಲಿಲ್ಲ. ಹಳಿ ತುಂಡೂ ಕದಲಲಿಲ್ಲ.

ಮುಲ್ಕಿ ಎಂದರೆ ಏಳನೇ ಇಯತ್ತೆಯ ಸರಕಾರಿ ಪರೀಕ್ಷೆ. ಅದು ಪಾಸಾದವನಿಗೆ ತಲಾಠಿಯ ಅಥವಾ ಮಾಸ್ತರನ ನೌಕರಿ ಸಿಗುತ್ತಿದ್ದ ಕಾಲ. ಊರಲ್ಲಿ ಮುಲ್ಕಿ ಪಾಸಾದವನ ಕಡೆ ಕಾಗದ ಓದಿಸಲು ಜನ ಸಾಲುಗಟ್ಟುತ್ತಿದ್ದರು. ಈಗಿನ ಕಾಗವಾಡ ತಾಲ್ಲೂಕಿನ ಶೇಡಬಾಳದವರೊಬ್ಬರು ಹಾಗೆ ಮಾಸ್ತರಿಕೆ ಮಾಡುತ್ತಲೇ ಕನ್ನಡ ಕಾದಂಬರಿಯ ದಿಕ್ಕು ತಿರುಗಿಸಿದರು. ಅವರೇ ಮಿರ್ಜಿ ಅಣ್ಣಾರಾಯ (1918–1975). ಅವರ ‘ನಿಸರ್ಗ’ದಲ್ಲಿ ನಮ್ಮ ಗಡಿಯ ಹೆಣ್ಣುಮಕ್ಕಳು ತಮ್ಮ ಮಾತಿನಲ್ಲೇ ಅತ್ತರು, ಬೈದರು, ಹಾಡಿದರು. ‘ರಾಮಣ್ಣ ಮಾಸ್ತರ’ ಎಂಬ ಹೆಸರಿನಲ್ಲೇ ಅವರದೊಂದು ಕಾದಂಬರಿ ಇದೆ. ತನ್ನ ಕಸುಬಿನವನನ್ನು ಒಬ್ಬ ಮಾಸ್ತರ ಕಥಾನಾಯಕನನ್ನಾಗಿ ಮಾಡಿದ ಎಂಬುದೇ ಈ ಸೀಮೆಯಲ್ಲಿ ಮಾಸ್ತರನಿಗಿದ್ದ ಎತ್ತರ ಹೇಳುತ್ತದೆ. ನಮ್ಮ ಮಾಸ್ತರರ ಟ್ರಂಕಿನಲ್ಲಿ ಅಣ್ಣಾರಾಯರ ಪುಸ್ತಕಗಳಿದ್ದವು, ರಟ್ಟು ಹರಿದು ಗೋಂದು ಹಚ್ಚಿದವು. ‘ಶೇಡಬಾಳದವರು, ನಮ್ಮವರು’ ಎಂದು ಅವರು ಹೇಳುವಾಗ ಬೀಗರ ಮನೆಯ ಮಾತಾಡಿದಂತೆ ಕೇಳುತ್ತಿತ್ತು.

ಖಾಲಿ ಬಿಟ್ಟ ಅಂಕಣ

ಹೆಡ್‌ಮಾಸ್ತರಿಕೆಯ ಕಸುಬು ಪಾಠಕ್ಕಿಂತ ಹೆಚ್ಚಾಗಿ ರಜಿಸ್ಟರಿನಲ್ಲಿ ನಡೆಯುತ್ತದೆ ಎಂದು ನನಗೆ ಗೊತ್ತಾದದ್ದು ತಡವಾಗಿ. ದಾಖಲಾತಿ ರಜಿಸ್ಟರಿನ ಕೊನೆಯ ಕಡೆ ಒಂದು ಅಂಕಣ: ‘ಶಾಲೆ ಬಿಟ್ಟ ಕಾರಣ’. ಐದನೇ ಇಯತ್ತೆಯ ಹುಡುಗಿಯನ್ನು ಬಿಡಿಸಿದರೆ ಮಾಸ್ತರರು ಆ ಅಂಕಣದಲ್ಲಿ ಏನೂ ಬರೆಯುತ್ತಿರಲಿಲ್ಲ. ಖಾಲಿ ಇದ್ದರೆ ಹುಡುಗಿ ಇನ್ನೂ ಸಾಲಿಯವಳೇ ಎಂಬುದು ಅವರ ಕಾಯ್ದೆ. ಮರುವರ್ಷ ಜೂನಿನಲ್ಲಿ ಸೈಕಲ್ಲು ತೆಗೆದುಕೊಂಡು ಆ ಮನೆಯ ಕಟ್ಟೆಗೆ ಹೋಗಿ ಕೂತು, ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಏಳುವಾಗ ಕೇಳುತ್ತಿದ್ದರು: ‘ಅಂಕಣ ಖಾಲಿ ಅದ ಏನಪಾ. ಏನ ಬರೀಲಿ?’ ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಏನು ಬರೆಯಬೇಕೆಂದು ಅಪ್ಪನೇ ಬಾಯಿಬಿಟ್ಟು ಹೇಳಬೇಕು. ಕೆಲವರು ಹೇಳಲಾರದೆ ಹುಡುಗಿಯನ್ನು ಮರಳಿ ಕಳಿಸಿದರು. ಎಲ್ಲರೂ ಕಳಿಸಲಿಲ್ಲ. ಹಳೆಯ ರಜಿಸ್ಟರುಗಳಲ್ಲಿ ಆ ಖಾಲಿ ಜಾಗಗಳು ಈಗಲೂ ಹಾಗೇ ಇವೆ.

ಅವರ ಮನೆ ಸಾಲಿಯ ಎರಡನೇ ಕಟ್ಟಡವಾಗಿತ್ತು. ಏಳನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂತೆಂದರೆ ಹತ್ತು ಹನ್ನೆರಡು ಹುಡುಗರು ಅವರ ಪಡಸಾಲೆಯಲ್ಲಿ ಕಂದೀಲಿನ ಸುತ್ತ ಓದಿ ಅಲ್ಲೇ ಮಲಗುತ್ತಿದ್ದೆವು. ಹೊದಿಕೆ ನಮ್ಮ ಮನೆಯದು, ಎಣ್ಣೆ ಅವರ ಮನೆಯದು. ಬೆಳಿಗ್ಗೆ ಅವ್ವಾರು, ನಾವು ಅವರ ಹೆಂಡತಿಯನ್ನು ಕರೆಯುತ್ತಿದ್ದದ್ದು ಹಾಗೆ, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರ. ಹತ್ತು ಹುಡುಗರಿಗೆ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಅದರ ಜೋಳ ಎಲ್ಲಿಂದ ಬರುತ್ತಿತ್ತು, ಅಂಗಡಿಯ ಉದ್ರಿ ಖಾತೆ ಯಾವ ತಿಂಗಳು ಚುಕ್ತಾ ಆಗುತ್ತಿತ್ತು ಎಂದು ನಾವು ಯೋಚಿಸಿದ್ದಿಲ್ಲ. ಅವರ ಮಕ್ಕಳು ನಮ್ಮ ಸಾಲಿನಲ್ಲೇ, ನಮ್ಮ ನಡುವೆಯೇ ಕೂತು ಉಣ್ಣುತ್ತಿದ್ದರು. ಪರೀಕ್ಷೆಯ ತಿಂಗಳಲ್ಲಿ ಅವರಿಗೆ ಅಪ್ಪ ಸಿಗುತ್ತಿದ್ದದ್ದು ನಮಗೆ ಸಿಕ್ಕಷ್ಟೇ.

1996ರ ಮೇ 31ರಂದು ಅವರು ನಿವೃತ್ತರಾದರು. ಬೇಸಿಗೆ ಸೂಟಿಯ ದಿನ. ಮಕ್ಕಳಿಲ್ಲದ ಸಾಲಿಯಲ್ಲಿ ನಾಲ್ಕು ಜನ ಮಾಸ್ತರರು, ಒಂದು ಶಾಲು, ಒಂದು ಗೋಡೆ ಗಡಿಯಾರ. ಬಿಸಿಲಿಗೆ ಬಂದ ಪಂಚರು ಮಜ್ಜಿಗೆ ಕುಡಿದು ಹೋದರು. ಮೂವತ್ತೆಂಟು ವರ್ಷ ಗಂಟೆ ಹೊಡೆಸಿದವರು ಗಂಟೆಯಿಲ್ಲದ ದಿನ ಹೊರಗೆ ಬಂದರು. ಇದೇ ದಿನ ಏಕೆ ಎಂದು ನಾವು ಆಗ ಕೇಳಲಿಲ್ಲ.

ಹದಿನೇಳನೇ ಆಗಸ್ಟ್

ಮಣ್ಣಾದ ಹನ್ನೆರಡನೆಯ ದಿನಕ್ಕೆ ರವಿವಾರ ಬಂದಿತ್ತು. ಸಾಲಿಯ ಬಯಲಿನಲ್ಲಿ ಪೆಂಡಾಲು ಹಾಕಿ ನುಡಿನಮನ. ಈಗ ನಮ್ಮ ಕಡೆ ಇದಕ್ಕೂ ಒಂದು ಕ್ರಮ ಬಿದ್ದಿದೆ: ಫೋಟೋಕ್ಕೆ ಹಾರ, ಸ್ವಾಮಿಗಳ ಆಶೀರ್ವಚನ, ಒಂದು ನಿಮಿಷ ಮೌನ, ಆಮೇಲೆ ಮೈಕು ಕೈಯಿಂದ ಕೈಗೆ. ಮಾತಾಡಿದವರೆಲ್ಲ ಶಿಸ್ತು, ಸರಳತೆ, ಆದರ್ಶ ಎಂದರು. ತಪ್ಪಲ್ಲ, ಆದರೆ ಆ ಮಾತು ಯಾವ ಫೋಟೋಕ್ಕೂ ಒಪ್ಪುತ್ತಿತ್ತು. ಮುಂದಿನ ಕುರ್ಚಿಯಲ್ಲಿ ಅವ್ವಾರು ಸೆರಗು ಹೊದ್ದು, ಯಾರದೋ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತ ಕೂತಿದ್ದರು.

ಕೊನೆಗೆ ಮಾಸ್ತರರ ಹಿರಿಮಗಳು ಎದ್ದಳು. ನಮ್ಮ ಓರಗೆಯವಳು, ಆದರೆ ಸಾಲಿಯಲ್ಲಿ ನಮಗಿಂತ ಒಂದು ಇಯತ್ತೆ ಹಿಂದೆ. ಆಕೆ ಕೇಳಿದ್ದು ಒಂದೇ ಮಾತು: ‘ನಿಮ್ಮ ಪೈಕಿ ಜೂನ್ ಒಂದಕ್ಕ ಹುಟ್ಟಿದವ್ರು ಕೈ ಎತ್ತರಿ.’ ಪೆಂಡಾಲಿನಲ್ಲಿ ನಗೆ ಎದ್ದಿತು, ಕೈಗಳೂ ಎದ್ದವು. ತಲೆ ನೆರೆತವರ ಕೈ, ಕಬ್ಬು ಕಡಿದು ಕಪ್ಪಾದ ಕೈ, ಉಂಗುರದ ಕೈ.

‘ನಂದಷ್ಟ ಬ್ಯಾರೆ. ಹದಿನೇಳನೇ ಆಗಸ್ಟ್.’

ಆಗಸ್ಟಿನಲ್ಲಿ ಹುಟ್ಟಿದ್ದರಿಂದ ಜೂನಿನ ದಾಖಲಾತಿಗೆ ಆಕೆಗೆ ಎರಡೂವರೆ ತಿಂಗಳು ಕಡಿಮೆ ಬಿತ್ತು. ಓಣಿಯ ಗೆಳತಿಯರೆಲ್ಲ ಪಾಟಿಚೀಲ ಹಾಕಿಕೊಂಡು ಹೋದ ವರ್ಷ ಆಕೆ ಮನೆಯ ಕಟ್ಟೆಯ ಮೇಲೆ ಕೂತು ಅತ್ತಳು. ಊರಿಗೆಲ್ಲ ತಾರೀಖು ಹಂಚುವ ಅಪ್ಪ ಮನೆಯ ಮಗಳಿಗೆ ಒಂದು ಕೊಡಬಾರದೇ? ಆ ಸಿಟ್ಟು ಬಹಳ ವರ್ಷ ಇತ್ತಂತೆ. ಮದುವೆಯಾಗಿ ನಿಪ್ಪಾಣಿಗೆ ಹೋದ ಮೇಲೆ ಒಮ್ಮೆ ತವರಿಗೆ ಬಂದಾಗ ಕೇಳಿಯೇ ಬಿಟ್ಟಳು. ಮಾಸ್ತರರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

‘ಅವರದು ನನಗ ಗೊತ್ತಿರಲಿಲ್ಲ, ಅದಕ್ಕ ಬರದೆ. ನಿಂದು ಗೊತ್ತಿತ್ತು. ಗೊತ್ತಿದ್ದದ್ದನ್ನ ಹ್ಯಾಂಗ ಸುಳ್ಳ ಬರೀಲಿ?’

ಗೊತ್ತಿದ್ದದ್ದು ಹೇಗೆಂದು ಹೇಳಿದವರು ಅವ್ವಾರು. ಆ ರಾತ್ರಿ ಶ್ರಾವಣದ ಮಳೆ. ಕೋಣೆಯೊಳಗೆ ಸೂಲಗಿತ್ತಿ, ಹೊರಗೆ ಹೊಸ್ತಿಲಲ್ಲಿ ಮಾಸ್ತರರು, ಕೈಯಲ್ಲಿ ಮದುವೆಗೆ ಬಂದ ಎಚ್.ಎಂ.ಟಿ. ವಾಚು. ಕೂಸು ಅತ್ತಿದ್ದೇ ತಡ ಕಂದೀಲಿನ ಬೆಳಕಿಗೆ ವಾಚು ಹಿಡಿದು ನೋಡಿ, ಪಂಚಾಂಗದ ರಟ್ಟಿನ ಮೇಲೆ ತಾಸು ನಿಮಿಷ ಬರೆದರು. ಇಡೀ ಊರಿನಲ್ಲಿ, ಆ ವರ್ಷ ಹುಟ್ಟಿದ ಕೂಸುಗಳಲ್ಲಿ, ತಾಸು ನಿಮಿಷ ಬರೆಸಿಕೊಂಡ ಕೂಸು ಅದೊಂದೇ ಇದ್ದೀತು. ನಮ್ಮ ತಲೆಯ ಮೇಲೆ ಕೈ ಇಟ್ಟ ಗುರುಗಳು ನಮಗೆ ಗೊತ್ತಿದ್ದರು. ಹೊಸ್ತಿಲಲ್ಲಿ ವಾಚು ಹಿಡಿದು ಕೂತ ಅಪ್ಪನನ್ನು ಊರು ನೋಡಿದ್ದು ನುಡಿನಮನದ ದಿನವೇ.

ಸಭೆ ಮುಗಿದ ಮೇಲೆ ಈಗಿನ ಹೆಡ್‌ಮಾಸ್ತರರು ಕಪಾಟು ತೆರೆದು ಆ ರಜಿಸ್ಟರು ತೋರಿಸಿದರು. ಹುಳ ತಿಂದ ಅಂಚು, ಬಿಳಿಚಿದ ನೀಲಿ. ಪುಟದ ತುಂಬ ಮೇಲಿಂದ ಕೆಳಗೆ 1-6, 1-6, 1-6. ನಡುವೆ ಒಂದೇ ಒಂದು 17-8. ಇನ್ನು ಮುಂದೆ ಇಂಥ ಪುಟ ಯಾರೂ ಬರೆಯುವಂತಿಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಈಚೆ ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲಾತಿಗೂ ಜನನ ಪ್ರಮಾಣಪತ್ರವೇ ಆಧಾರ. ಹೆರಿಗೆ ಈಗ ಆಸ್ಪತ್ರೆಯಲ್ಲಿ, ತಾರೀಖು ಕಂಪ್ಯೂಟರಿನಲ್ಲಿ. ಒಳ್ಳೆಯದೇ ಆಯಿತು. ಪ್ರತಿ ಕೂಸಿಗೂ ತನ್ನದೇ ಒಂದು ಹದಿನೇಳನೇ ಆಗಸ್ಟ್ ಸಿಗಲಿ ಎಂದೇ ನಮ್ಮ ಮಾಸ್ತರರೂ ಅನ್ನುತ್ತಿದ್ದರು.

ಹೊರಗೆ ಬಂದಾಗ ಪೆಂಡಾಲು ಬಿಚ್ಚುತ್ತಿದ್ದರು. ಗೇಟಿಗೆ ಕಟ್ಟಿದ ಶ್ರದ್ಧಾಂಜಲಿಯ ಫ್ಲೆಕ್ಸನ್ನು ಇಬ್ಬರು ಹುಡುಗರು ಇಳಿಸುತ್ತಿದ್ದರು. ಹನ್ನೆರಡು ದಿನ ಅದರ ಮುಂದೆಯೇ ಓಡಾಡಿದ್ದರೂ ಫೋಟೋದ ಕೆಳಗಿನ ಸಣ್ಣ ಅಕ್ಷರವನ್ನು ನಾನು ಓದಿರಲಿಲ್ಲ. ಜನನ: 1-6-1938.

ಮೇ 31ರ ಗುಟ್ಟು ಆಗ ತಿಳಿಯಿತು. ತಿಂಗಳ ಒಂದನೇ ತಾರೀಖಿಗೆ ಹುಟ್ಟಿದವರನ್ನು ಸರಕಾರ ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ ಕಳಿಸುತ್ತದೆ.

ಫ್ಲೆಕ್ಸು ಸುತ್ತುತ್ತಿದ್ದ ಹುಡುಗ, ಮಾಸ್ತರರ ಮೊಮ್ಮಗ, ಅದನ್ನು ಓದಿ ಕಣ್ಣರಳಿಸಿದ. ‘ಅಜ್ಜಾಂದೂ ಜೂನ್ ಒಂದ ಏನ್?’

ಅವ್ವಾರು ಕುರ್ಚಿಯಿಂದ ಏಳುತ್ತ, ಕೂಸನ್ನು ಅದರ ತಾಯಿಯ ಕೈಗೆ ಕೊಡುತ್ತ ಹೇಳಿದರು:

‘ಅವರಿಗೂ ಒಬ್ಬ ಮಾಸ್ತರ ಇದ್ರಲ್ಲೋ.’